ಫ್ಯೂಸ್ ಬದಲಿಸಿದರೆ ಸಂಗೀತ ಬದಲಾಗುತ್ತದೆಯೇ?

ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ, ವಿದ್ಯುತ್ ಕೇಬಲ್ ಸಿಕ್ಕಿಸುವ ಜಾಗದ ಪಕ್ಕದಲ್ಲಿ, ಸಾಮಾನ್ಯವಾಗಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಅದನ್ನು ಎಳೆದರೆ ಎರಡು ಸೆಂಟಿಮೀಟರ್ ಉದ್ದದ ಗಾಜಿನ ಕೊಳವೆಯೊಂದು ಕೈಗೆ ಬರುತ್ತದೆ. ಎರಡು ತುದಿಗೂ ಲೋಹದ ಟೋಪಿ, ನಡುವೆ ಕೂದಲೆಳೆಯಂಥ ತಂತಿ. ಇದೇ ಫ್ಯೂಸ್. ಮನೆಯಲ್ಲಿ ಸ್ಟೀರಿಯೋ ಇಟ್ಟುಕೊಂಡ ಎಷ್ಟೋ ಮಂದಿ ಇದನ್ನು ಒಮ್ಮೆಯೂ ನೋಡದೆ ದಶಕಗಳನ್ನು ಕಳೆದಿರುತ್ತಾರೆ.

ಆದರೆ ಧ್ವನಿಯ ಗುಣಮಟ್ಟದ ಬೆನ್ನು ಹತ್ತಿದ ಆಡಿಯೋಫೈಲ್‌ಗಳ ನಡುವೆ ಈ ಪುಟ್ಟ ಕೊಳವೆಯ ಬಗ್ಗೆ ವರ್ಷಗಳಿಂದ ಜಗಳ ನಡೆಯುತ್ತಿದೆ. ವಿಶೇಷವಾಗಿ ತಯಾರಿಸಿದ ಫ್ಯೂಸ್ ಹಾಕಿದ ಮೇಲೆ ಸಂಗೀತದ ಮುಂದಿದ್ದ ತೆರೆ ಸರಿದಂತಾಯಿತು, ಮಂದ್ರ ಸ್ವರಗಳು ಬಿಗಿಯಾದವು, ಗಾಯಕಿ ಎದುರಿಗೇ ಬಂದು ನಿಂತಂತಾಯಿತು ಎಂದು ಒಂದು ಗುಂಪು ಹೇಳುತ್ತದೆ. ಆಪತ್ತಿನಲ್ಲಿ ಸುಟ್ಟುಹೋಗುವುದಷ್ಟೇ ಕೆಲಸವಾಗಿರುವ ಭಾಗಕ್ಕೂ ಸಂಗೀತಕ್ಕೂ ಎತ್ತಣಿಂದೆತ್ತಣ ಸಂಬಂಧ ಎಂದು ಇನ್ನೊಂದು ಗುಂಪು ಕೇಳುತ್ತದೆ. ಈ ವಿಶೇಷ ಫ್ಯೂಸ್‌ಗಳ ಬೆಲೆ ಸಾಮಾನ್ಯ ಫ್ಯೂಸ್‌ಗಿಂತ ನೂರಾರು ಪಟ್ಟು ಹೆಚ್ಚಿರುವುದರಿಂದ, ಹೊಸದಾಗಿ ಒಳ್ಳೆಯ ಸೆಟ್ ಕೊಂಡವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಉತ್ತರ ಬೇಕಾದರೆ ಮೂರು ವಿಷಯಗಳು ತಿಳಿದಿರಬೇಕು: ಫ್ಯೂಸ್ ಏನು ಮಾಡುತ್ತದೆ, ಅದು ಯಂತ್ರದೊಳಗೆ ಎಲ್ಲಿ ಕುಳಿತಿರುತ್ತದೆ, ನಮ್ಮ ಕಿವಿ ಹೇಗೆ ತೀರ್ಪು ಕೊಡುತ್ತದೆ.

ಸುಡುವುದಕ್ಕೆಂದೇ ಇರುವ ತಂತಿ

ಯಾವುದೇ ತಂತಿಯಲ್ಲಿ ವಿದ್ಯುತ್ ಹರಿದಾಗ ತಂತಿ ಸ್ವಲ್ಪವಾದರೂ ಬಿಸಿಯಾಗುತ್ತದೆ. ತಂತಿ ಒಡ್ಡುವ ಅಡ್ಡಿಗೆ ರೋಧ ಎಂದು ಹೆಸರು. ಅದನ್ನು ಅಳೆಯುವ ಮಾನ ಓಮ್. ಹರಿಯುವ ವಿದ್ಯುತ್ತಿನ ಪ್ರಮಾಣವನ್ನು ಆಂಪಿಯರ್‌ಗಳಲ್ಲಿ ಹೇಳುತ್ತೇವೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುತ್ತದೆ. ಈ ಏರಿಕೆಯ ವೇಗವನ್ನೇ ಫ್ಯೂಸ್ ಬಳಸಿಕೊಳ್ಳುತ್ತದೆ. ಯಂತ್ರದೊಳಗೆ ಏನೋ ಕೆಟ್ಟು ಪ್ರವಾಹ ಮಿತಿ ಮೀರಿದಾಗ, ಬೇರೆಲ್ಲ ತಂತಿಗಳಿಗಿಂತ ಮೊದಲು ಈ ತೆಳು ತಂತಿ ಕರಗಿ ತುಂಡಾಗುತ್ತದೆ. ವಿದ್ಯುತ್ತಿನ ದಾರಿ ಅಲ್ಲಿಗೆ ಮುಚ್ಚುತ್ತದೆ, ಬೆಂಕಿ ತಪ್ಪುತ್ತದೆ.

ಇದು ಹಳೆಯ ಉಪಾಯ. ಫ್ರಾನ್ಸಿನ ಬ್ರೆಗೆ 1847ರಲ್ಲೇ ಟೆಲಿಗ್ರಾಫ್ ಕಚೇರಿಗಳನ್ನು ಸಿಡಿಲಿನಿಂದ ಕಾಪಾಡಲು ದಾರಿಯ ನಡುವೆ ತೆಳುವಾದ ತಂತಿ ಹಾಕಬೇಕೆಂದು ಸೂಚಿಸಿದ್ದರು. ವಿದ್ಯುದ್ದೀಪಗಳ ಜಾಲ ಕಟ್ಟುವಾಗ ಥಾಮಸ್ ಎಡಿಸನ್ 1880ರಲ್ಲಿ ಇಂಥದ್ದೇ ರಕ್ಷಕ ತಂತಿಗೆ ಪೇಟೆಂಟ್ ಪಡೆದರು.

ಇಲ್ಲೊಂದು ಮಾತು ಮುಂದಿನ ಎಲ್ಲಕ್ಕೂ ಬೇಕಾಗುತ್ತದೆ. ಫ್ಯೂಸ್‌ಗೆ ರೋಧ ಇರಲೇಬೇಕು. ರೋಧವಿಲ್ಲದಿದ್ದರೆ ಅದು ಬಿಸಿಯಾಗುವುದಿಲ್ಲ, ಬಿಸಿಯಾಗದಿದ್ದರೆ ಕರಗುವುದಿಲ್ಲ, ಕರಗದಿದ್ದರೆ ಅದು ಫ್ಯೂಸೇ ಅಲ್ಲ. ‘ವಿದ್ಯುತ್ತಿಗೆ ಚೂರೂ ಅಡ್ಡಿ ಮಾಡದ ಫ್ಯೂಸ್’ ಎಂಬ ಮಾತು ‘ಎಂದೂ ತೆರೆಯದ ಬಾಗಿಲು’ ಎಂದಂತೆ.

ಎಲ್ಲ ಫ್ಯೂಸ್‌ಗಳೂ ಒಂದೇ ಚುರುಕಿನವಲ್ಲ. ಕೆಲವು ಕ್ಷಣಾರ್ಧದಲ್ಲಿ ಹಾರಿಹೋಗುತ್ತವೆ, ಕೆಲವು ತಾಳಿಕೊಳ್ಳುತ್ತವೆ. ಆಂಪ್ಲಿಫೈಯರ್ ಸ್ವಿಚ್ ಒತ್ತಿದ ಆ ಒಂದು ಗಳಿಗೆಯಲ್ಲಿ ಅದರ ಟ್ರಾನ್ಸ್‌ಫಾರ್ಮರ್ ಮಾಮೂಲಿಗಿಂತ ಹತ್ತಾರು ಪಟ್ಟು ಪ್ರವಾಹವನ್ನು ಗುಟುಕರಿಸಬಹುದು. ಚುರುಕಿನ ಫ್ಯೂಸ್ ಇದ್ದರೆ ಪ್ರತಿ ಸಲವೂ ಸುಟ್ಟುಹೋದೀತು. ಆದ್ದರಿಂದ ಇಲ್ಲಿ ನಿಧಾನದ ಫ್ಯೂಸ್ ಹಾಕುತ್ತಾರೆ. ಕೆಲವು ನಿಧಾನದ ಫ್ಯೂಸ್‌ಗಳಲ್ಲಿ ತಂತಿಯ ಮೇಲೆ ತವರದ ಒಂದು ಚುಕ್ಕೆ ಇರುತ್ತದೆ. ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಬೇಕು, ತವರಕ್ಕೆ 232 ಸಾಕು. ಅಧಿಕ ಪ್ರವಾಹ ಬಹಳ ಹೊತ್ತು ಮುಂದುವರಿದರೆ ತವರ ಮೊದಲು ಕರಗಿ, ಅಡಿಯ ಲೋಹದೊಳಕ್ಕೆ ಇಳಿದು, ಆ ಜಾಗವನ್ನೇ ದುರ್ಬಲಗೊಳಿಸಿ ತುಂಡರಿಸುತ್ತದೆ. ಕೂದಲೆಳೆಯಷ್ಟರಲ್ಲಿ ಇಷ್ಟೊಂದು ಲೆಕ್ಕಾಚಾರ ಅಡಗಿದೆ ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಟೋಪಿಯ ಮೇಲಿನ ಅಕ್ಷರಗಳು

ಫ್ಯೂಸಿನ ಲೋಹದ ಟೋಪಿಯ ಮೇಲೆ ಭೂತಕನ್ನಡಿ ಹಿಡಿದು ನೋಡಬೇಕಾದಷ್ಟು ಸಣ್ಣ ಬರಹವಿರುತ್ತದೆ. ಉದಾಹರಣೆಗೆ ‘ಟಿ 2ಎ ಎಲ್ 250ವಿ’ ಎಂಬ ಅಕ್ಷರಗಳಿದ್ದರೆ, ‘ಟಿ’ ಎಂದರೆ ನಿಧಾನದ್ದು (ಜರ್ಮನ್ ಭಾಷೆಯ ‘ಟ್ರೇಗೆ’ ಎಂಬ ಪದದಿಂದ ಬಂದದ್ದು), ‘ಎಫ್’ ಎಂದಿದ್ದರೆ ಚುರುಕಿನದು. 2ಎ ಎಂದರೆ ಎರಡು ಆಂಪಿಯರ್. 250ವಿ ಎಂದರೆ ಅಷ್ಟು ವೋಲ್ಟೇಜಿನವರೆಗೆ ಬಳಸಬಹುದು.

ಉಳಿದದ್ದು ‘ಎಲ್’. ಅದರ ಅರ್ಥ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ತಂತಿ ಕರಗಿ ತುಂಡಾದ ಮಾತ್ರಕ್ಕೆ ಪ್ರವಾಹ ನಿಂತೇಬಿಡುವುದಿಲ್ಲ. ತುಂಡಾದ ಎರಡು ತುದಿಗಳ ನಡುವೆ ಕಿಡಿಯ ಸೇತುವೆ ಕಟ್ಟಿಕೊಳ್ಳಬಹುದು. ಎಷ್ಟು ದೊಡ್ಡ ಪ್ರವಾಹವನ್ನು ಫ್ಯೂಸ್ ಸುರಕ್ಷಿತವಾಗಿ ಕತ್ತರಿಸಬಲ್ಲದು ಎಂಬುದನ್ನು ಈ ಅಕ್ಷರ ಹೇಳುತ್ತದೆ. ‘ಎಲ್’ ಗುರುತಿನ ಗಾಜಿನ ಫ್ಯೂಸ್ 35 ಆಂಪಿಯರ್ ಅಥವಾ ತನ್ನ ಮಿತಿಯ ಹತ್ತು ಪಟ್ಟು, ಇವೆರಡರಲ್ಲಿ ಹೆಚ್ಚಿನದನ್ನು ಕತ್ತರಿಸಬಲ್ಲದು. ‘ಎಚ್’ ಗುರುತಿನದು 1500 ಆಂಪಿಯರ್‌ವರೆಗೆ. ಅಂಥವು ಸಾಮಾನ್ಯವಾಗಿ ಪಿಂಗಾಣಿ ಕೊಳವೆಯವು. ಒಳಗೆ ತುಂಬಿದ ಮರಳು ಕಿಡಿಯನ್ನು ನುಂಗುತ್ತದೆ. ಈ ಗುರುತುಗಳೆಲ್ಲ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60127 ಎಂಬ ಮಾನಕಕ್ಕೆ ಸೇರಿದವು.

ಸಂಗೀತ ಯಾವ ದಾರಿಯಲ್ಲಿ ಹೋಗುತ್ತದೆ?

ವಾದದ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ ಎಂದು ನನ್ನ ಎಣಿಕೆ. ಆಂಪ್ಲಿಫೈಯರ್‌ನೊಳಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದರಲ್ಲಿ ಶಕ್ತಿ ಬರುತ್ತದೆ, ಇನ್ನೊಂದರಲ್ಲಿ ಸಂಗೀತದ ಸಂಕೇತ ಬರುತ್ತದೆ.

ಗೋಡೆಯ ಸಾಕೆಟ್‌ನಿಂದ ಬರುವ ವಿದ್ಯುತ್ತಿನಲ್ಲಿ ಸಂಗೀತವಿಲ್ಲ. ಅದು ಸೆಕೆಂಡಿಗೆ 50 ಅಥವಾ 60 ಸಲ ಹಿಂದಕ್ಕೂ ಮುಂದಕ್ಕೂ ಓಲಾಡುವ ಪರ್ಯಾಯ ಪ್ರವಾಹ. ಅದು ಮೊದಲು ಫ್ಯೂಸನ್ನು ದಾಟಿ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಅಲ್ಲಿ ವೋಲ್ಟೇಜ್ ತಗ್ಗುತ್ತದೆ. ಮುಂದೆ ಡಯೋಡ್‌ಗಳು ಓಲಾಟವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆಮೇಲೆ ದೊಡ್ಡ ಕೆಪಾಸಿಟರ್‌ಗಳು ಆ ಏರಿಳಿತವನ್ನು ಹಿಡಿದಿಟ್ಟು ಸಮಗೊಳಿಸುತ್ತವೆ. ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನಪಿಸಿಕೊಳ್ಳಿ. ಕೆಳಗಿನ ಪಂಪು ತಡೆತಡೆದು ನೀರು ತಳ್ಳುತ್ತಿದ್ದರೂ ನಲ್ಲಿಯಲ್ಲಿ ನೀರು ಒಂದೇ ಸಮನೆ ಬೀಳುತ್ತದೆ, ಏಕೆಂದರೆ ನಲ್ಲಿಗೆ ಕಾಣುವುದು ತೊಟ್ಟಿ ಮಾತ್ರ. ಕೆಪಾಸಿಟರ್ ಆ ತೊಟ್ಟಿ. ಫ್ಯೂಸ್ ಇರುವುದು ಪಂಪಿನ ಕಡೆಗೆ.

ಸಂಗೀತದ ಸಂಕೇತ ಬರುವುದು ಸಿ.ಡಿ. ಪ್ಲೇಯರ್‌ನಿಂದಲೋ ಫೋನಿನಿಂದಲೋ, ಬೇರೆ ತಂತಿಯಲ್ಲಿ. ಆ ಸಣ್ಣ ಸಂಕೇತ ನಲ್ಲಿಯನ್ನು ತಿರುಗಿಸುವ ಕೈಯಂತೆ. ಅದು ಹೇಳಿದಷ್ಟು ಶಕ್ತಿಯನ್ನು ತೊಟ್ಟಿಯಿಂದ ಸ್ಪೀಕರ್‌ಗೆ ಬಿಡುವುದು ಆಂಪ್ಲಿಫೈಯರ್‌ನ ಕೆಲಸ. ಹಿಂಬದಿಯ ಮುಖ್ಯ ಫ್ಯೂಸಿನ ಮೂಲಕ ಸಂಗೀತ ಹಾದುಹೋಗುವುದಿಲ್ಲ.

ಹಾಗೆಂದ ಮಾತ್ರಕ್ಕೆ ವಾದ ಮುಗಿಯುವುದಿಲ್ಲ. ಸ್ಪೀಕರ್‌ಗೆ ಹೋಗುವ ಶಕ್ತಿಯೆಲ್ಲ ಗೋಡೆಯಿಂದಲೇ ಬರಬೇಕಲ್ಲ, ಮೂಲ ಕಲುಷಿತವಾದರೆ ಕೊನೆಯೂ ಕಲುಷಿತವಾಗದೇ ಎಂದು ಉತ್ಸಾಹಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಅಂಕಿಗಳಲ್ಲಿದೆ.

ಅಂಕಿಗಳ ಎದುರು

ಒಂದೆರಡು ಆಂಪಿಯರ್‌ನ ಸಾಮಾನ್ಯ ಫ್ಯೂಸಿನ ರೋಧ ಒಂದು ಓಮ್‌ನ ನೂರರಲ್ಲಿ ಕೆಲವು ಭಾಗ. ಲೆಕ್ಕಕ್ಕೆ 0.05 ಓಮ್ ಎಂದಿಟ್ಟುಕೊಳ್ಳೋಣ. ಆಂಪ್ಲಿಫೈಯರ್ ಒಂದು ಆಂಪಿಯರ್ ಎಳೆದಾಗ ಫ್ಯೂಸಿನಲ್ಲಿ ಕಳೆದುಹೋಗುವುದು 0.05 ವೋಲ್ಟ್. 230 ವೋಲ್ಟ್‌ನ ಪೂರೈಕೆಯಲ್ಲಿ ಅದು ಹತ್ತು ಸಾವಿರಕ್ಕೆ ಎರಡು ಭಾಗ.

ಇದರ ಪಕ್ಕದಲ್ಲಿ ಗೋಡೆಯೊಳಗಿನ ತಂತಿಯನ್ನು ಇಟ್ಟು ನೋಡಿ. 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. ಸ್ವಿಚ್ ಬೋರ್ಡಿನಿಂದ ಸಾಕೆಟ್‌ಗೆ 20 ಮೀಟರ್ ಇದ್ದರೆ ಹೋಗಿಬರುವ ದಾರಿ 40 ಮೀಟರ್. ರೋಧ ಹೆಚ್ಚುಕಡಿಮೆ 0.48 ಓಮ್, ಅಂದರೆ ಫ್ಯೂಸಿನ ಹತ್ತರಷ್ಟು. ಟ್ರಾನ್ಸ್‌ಫಾರ್ಮರ್‌ನೊಳಗಿನ ಸುರುಳಿಯ ರೋಧ ಅನೇಕ ಯಂತ್ರಗಳಲ್ಲಿ ಇದಕ್ಕಿಂತಲೂ ಹೆಚ್ಚು. ಇನ್ನು ಗೋಡೆಗೆ ಬರುವ ವೋಲ್ಟೇಜ್ ದಿನವಿಡೀ ಹಲವು ವೋಲ್ಟ್‌ಗಳಷ್ಟು ಏರಿಳಿಯುತ್ತಲೇ ಇರುತ್ತದೆ. ನಿಗದಿತ ಮಟ್ಟದಿಂದ ನೂರಕ್ಕೆ ಹತ್ತು ಭಾಗ ಆಚೀಚೆ ಹೋದರೂ ಕೆಲಸ ಮಾಡುವಂತೆ ಯಂತ್ರಗಳನ್ನು ವಿನ್ಯಾಸ ಮಾಡಿರುತ್ತಾರೆ.

ಉತ್ಸಾಹಿಗಳ ಮರುವಾದ ಹೀಗಿದೆ: ಡಯೋಡ್‌ಗಳು ವಿದ್ಯುತ್ತನ್ನು ಸಮನಾಗಿ ಎಳೆಯುವುದಿಲ್ಲ, ವೋಲ್ಟೇಜ್ ಅಲೆಯ ನೆತ್ತಿಯಲ್ಲಿ ಮಾತ್ರ ಚಿಕ್ಕ ಚಿಕ್ಕ ಗುಕ್ಕುಗಳಲ್ಲಿ ಎಳೆಯುತ್ತವೆ, ಆ ಗುಕ್ಕುಗಳು ಸರಾಸರಿಗಿಂತ ಎಷ್ಟೋ ದೊಡ್ಡವು. ಈ ಮಾತು ನಿಜ. ಹತ್ತು ಆಂಪಿಯರ್‌ನ ಗುಕ್ಕು ಎಂದೇ ಹಿಡಿಯೋಣ. ಫ್ಯೂಸಿನಲ್ಲಿ ಅರ್ಧ ವೋಲ್ಟ್ ಇಳಿಯುತ್ತದೆ. ಅದೇ ಗಳಿಗೆಯಲ್ಲಿ ಗೋಡೆಯ ತಂತಿಯಲ್ಲಿ ಸುಮಾರು ಐದು ವೋಲ್ಟ್ ಇಳಿದಿರುತ್ತದೆ. ಫ್ಯೂಸಿನ ರೋಧವನ್ನು ಅರ್ಧಕ್ಕೆ ಇಳಿಸಿದರೂ ಒಟ್ಟು ದಾರಿಯಲ್ಲಿ ಕಾಣುವ ವ್ಯತ್ಯಾಸ, ಸಾಕೆಟ್ ಒಂದು ಮೀಟರ್ ಹತ್ತಿರವಿದ್ದರೆ ಆಗುತ್ತಿದ್ದಷ್ಟೇ. ಅದರ ಮೇಲೆ ಕೆಪಾಸಿಟರ್‌ನ ತೊಟ್ಟಿಯಿದೆ, ಅದರಾಚೆ ಪೂರೈಕೆಯ ಏರಿಳಿತವನ್ನು ಸ್ಪೀಕರ್‌ಗೆ ತಲುಪದಂತೆ ತಡೆಯುವ ಸರ್ಕ್ಯೂಟ್‌ನ ಗುಣವಿದೆ.

ಫ್ಯೂಸ್ ವಿದ್ಯುತ್ತಿನಲ್ಲಿನ ಗದ್ದಲವನ್ನು ಸೋಸುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಸೋಸಬೇಕಾದರೆ ತಂತಿಯ ಸುರುಳಿ ಬೇಕು, ಕೆಪಾಸಿಟರ್ ಬೇಕು. ಎರಡು ಸೆಂಟಿಮೀಟರ್‌ನ ನೆಟ್ಟನೆಯ ತಂತಿಗೆ ಆ ಶಕ್ತಿ ಇದ್ದರೆ, ಅದರ ಹಿಂದೆಯೇ ಇರುವ ಒಂದೂವರೆ ಮೀಟರ್ ಕೇಬಲ್‌ಗೆ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ.

ಚಿನ್ನ, ರೋಡಿಯಂ, ಕಡುಚಳಿ, ದಿಕ್ಕು

ವಿಶೇಷ ಫ್ಯೂಸ್‌ಗಳ ಬಗ್ಗೆ ಮುಂದಿಡುವ ಕಾರಣಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸರಿಯಲ್ಲ. ಒಂದೊಂದರ ಹಿಂದೆಯೂ ನಿಜದ ಒಂದು ತುಣುಕಿದೆ. ಆ ತುಣುಕು ಎಷ್ಟು ದೊಡ್ಡದು ಎಂಬುದನ್ನು ನೋಡಬೇಕು.

ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ಎಂಬುದು ಸತ್ಯ. ವ್ಯತ್ಯಾಸ ನೂರಕ್ಕೆ ಐದಾರು ಭಾಗ. ಚಿನ್ನ ತಾಮ್ರಕ್ಕಿಂತ ಕಡಿಮೆ ದರ್ಜೆಯ ವಾಹಕ, ಆದರೆ ಅದು ಕಿಲುಬು ಹಿಡಿಯುವುದಿಲ್ಲ. ಸಂಪರ್ಕದ ಮೇಲ್ಮೈಗೆ ಅದು ನಿಜವಾದ ಗುಣ. ರೋಡಿಯಂ ಎಂಬ ದುಬಾರಿ ಲೋಹದ ಹೆಸರು ಕೇಳಿದರೆ ಅದೇ ಎಲ್ಲಕ್ಕಿಂತ ಮೇಲು ಅನ್ನಿಸುತ್ತದೆ. ಅದರ ರೋಧ ತಾಮ್ರದ ಸುಮಾರು ಎರಡೂವರೆ ಪಟ್ಟು. ಅದರ ಬೆಲೆ ಇರುವುದು ಗಟ್ಟಿತನದಲ್ಲಿ, ಸವೆಯದಿರುವುದರಲ್ಲಿ. ದಿನಕ್ಕೆ ಹತ್ತು ಸಲ ತೆಗೆದು ಹಾಕುವ ಪ್ಲಗ್‌ಗೆ ಅದು ಅರ್ಥವಾಗುತ್ತದೆ. ವರ್ಷಗಟ್ಟಲೆ ಕದಲದೆ ಕುಳಿತಿರುವ ಫ್ಯೂಸ್‌ಗೆ ಗಟ್ಟಿತನದಿಂದ ಆಗುವ ಲಾಭ ಕಡಿಮೆ.

ದ್ರವ ಸಾರಜನಕದ ಚಳಿಯಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ, ಅದ್ದಿ ತೆಗೆದ ಫ್ಯೂಸ್‌ಗಳೂ ಇವೆ. ಕಡುಚಳಿಯ ಸಂಸ್ಕಾರ ಉಕ್ಕಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಗಟ್ಟಿ ಉಕ್ಕಿನ ಒಳಗೆ ಮಾರ್ಪಡದೆ ಉಳಿದ ಸ್ಫಟಿಕ ರಚನೆ ಚಳಿಯಲ್ಲಿ ಪೂರ್ತಿಯಾಗಿ ಬದಲಾಗಿ ಉಪಕರಣ ಹೆಚ್ಚು ಬಾಳುತ್ತದೆ. ತಾಮ್ರಕ್ಕೂ ಬೆಳ್ಳಿಗೂ ಚಳಿಯಲ್ಲಿ ಬದಲಾಗುವ ಅಂಥ ಎರಡನೆಯ ರಚನೆ ಇಲ್ಲ. ಚಳಿಯಲ್ಲಿರುವಷ್ಟು ಹೊತ್ತು ಅವುಗಳ ರೋಧ ತಗ್ಗುತ್ತದೆ, ಕೋಣೆಯ ಶಾಖಕ್ಕೆ ಬಂದಾಗ ಮರಳುತ್ತದೆ.

ಇನ್ನು ದಿಕ್ಕಿನ ಪ್ರಶ್ನೆ. ಕೆಲವು ಫ್ಯೂಸ್‌ಗಳ ಮೇಲೆ ಬಾಣದ ಗುರುತಿರುತ್ತದೆ. ತಿರುಗಿಸಿ ಹಾಕಿದರೆ ಸಂಗೀತ ಸೊರಗುತ್ತದೆ ಎಂದು ಬಳಸುವವರು ಹೇಳುತ್ತಾರೆ. ಮುಖ್ಯ ಫ್ಯೂಸಿನಲ್ಲಿ ಹರಿಯುವುದು ಪರ್ಯಾಯ ಪ್ರವಾಹ. 50 ಹರ್ಟ್ಜ್ ಪೂರೈಕೆಯಲ್ಲಿ ಅದು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಬಾಣದ ಕಡೆಗೆ ಎಷ್ಟು ಹೊತ್ತು ಹರಿಯುತ್ತದೆಯೋ ಬಾಣಕ್ಕೆ ಎದುರಾಗಿಯೂ ಅಷ್ಟೇ ಹೊತ್ತು ಹರಿಯುತ್ತದೆ. ಲೋಹದ ತಂತಿ ಎರಡು ದಿಕ್ಕಿಗೂ ಒಂದೇ ರೋಧ ಒಡ್ಡುತ್ತದೆ. ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಒಡ್ಡುವ ವಸ್ತುವಿಗೆ ಡಯೋಡ್ ಎಂದು ಹೆಸರು, ಅದನ್ನು ಗುರುತಿಸಲು ಸಾಧಾರಣ ಮೀಟರ್ ಸಾಕು.

ಫ್ಯೂಸ್ ನಿಜಕ್ಕೂ ಧ್ವನಿಯನ್ನು ಮುಟ್ಟುವ ಜಾಗ

ಸಂದೇಹವಾದಿಗಳು ಇಲ್ಲಿಗೆ ಮಾತು ನಿಲ್ಲಿಸಿ ಗೆದ್ದೆವೆಂದುಕೊಳ್ಳುತ್ತಾರೆ. ಆದರೆ ಅವರಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ: ಒಂದು ಜಾಗದಲ್ಲಿ ಫ್ಯೂಸ್ ಧ್ವನಿಯನ್ನು ಕೆಡಿಸುತ್ತದೆ, ಅದನ್ನು ಅಳೆದೂ ತೋರಿಸಬಹುದು.

ಕೆಲವು ಆಂಪ್ಲಿಫೈಯರ್‌ಗಳಲ್ಲಿ, ಕೆಲವು ಸ್ಪೀಕರ್‌ಗಳಲ್ಲಿ, ಸ್ಪೀಕರನ್ನು ಕಾಪಾಡಲೆಂದು ಸ್ಪೀಕರ್‌ಗೆ ಹೋಗುವ ದಾರಿಯಲ್ಲೇ ಫ್ಯೂಸ್ ಹಾಕಿರುತ್ತಾರೆ. ಇಲ್ಲಿ ಫ್ಯೂಸಿನ ಮೂಲಕ ಹರಿಯುವುದು ಸಾಕ್ಷಾತ್ ಸಂಗೀತ. 20 ಹರ್ಟ್ಜ್‌ನ ಗಾಢ ಮಂದ್ರ ಸ್ವರವೊಂದು ಹರಿಯುತ್ತಿದೆ ಎನ್ನಿ. ಆ ಅಲೆ ಸೆಕೆಂಡಿಗೆ 40 ಸಲ ಶಿಖರ ಮುಟ್ಟುತ್ತದೆ, ಮೇಲಕ್ಕೆ 20 ಸಲ, ಕೆಳಕ್ಕೆ 20 ಸಲ. ಪ್ರತಿ ಶಿಖರದಲ್ಲೂ ತೆಳು ತಂತಿ ಬಿಸಿಯಾಗುತ್ತದೆ, ನಡುನಡುವೆ ಆರುತ್ತದೆ. ಲೋಹ ಬಿಸಿಯಾದಾಗ ರೋಧ ಏರುತ್ತದೆ. ತಾಮ್ರದಲ್ಲಿ ಪ್ರತಿ ಡಿಗ್ರಿಗೆ ನೂರಕ್ಕೆ 0.4 ಭಾಗದ ಹತ್ತಿರ. ಹೀಗೆ ಸಂಗೀತ ತಾನು ಹರಿಯುವ ದಾರಿಯ ಅಡ್ಡಿಯನ್ನು ತಾನೇ ಏರಿಳಿಸುತ್ತದೆ. ಪರಿಣಾಮವಾಗಿ ಮೂಲದಲ್ಲಿ ಇಲ್ಲದ 60 ಹರ್ಟ್ಜ್‌ನ, ಅಂದರೆ ಮೂರು ಪಟ್ಟು ಎತ್ತರದ, ಒಂದು ಸಣ್ಣ ಸ್ವರ ಹುಟ್ಟಿಕೊಳ್ಳುತ್ತದೆ. ಇದಕ್ಕೆ ಉಷ್ಣ ವಿರೂಪ ಎನ್ನಬಹುದು. 1000 ಹರ್ಟ್ಜ್‌ನ ಸ್ವರದಲ್ಲಿ ಇದು ಬಹುತೇಕ ಮಾಯವಾಗುತ್ತದೆ, ಏಕೆಂದರೆ ಅಷ್ಟು ಬೇಗ ಬಿಸಿಯಾಗಿ ಆರಲು ತಂತಿಗೆ ಪುರುಸೊತ್ತಿಲ್ಲ. ಪ್ರವಾಹ ಫ್ಯೂಸಿನ ಮಿತಿಯ ಹತ್ತಿರ ಹೋದಷ್ಟೂ ವಿರೂಪ ಹೆಚ್ಚುತ್ತದೆ. ಆಂಪ್ಲಿಫೈಯರ್ ವಿನ್ಯಾಸಕಾರ ಬಾಬ್ ಕಾರ್ಡೆಲ್ ಇದನ್ನು ಅಳೆದು ದಾಖಲಿಸಿದ್ದಾರೆ. ಇಂದಿನ ಅನೇಕ ವಿನ್ಯಾಸಕಾರರು ಆ ಜಾಗದಲ್ಲಿ ಫ್ಯೂಸಿನ ಬದಲು ರಿಲೇ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಅಥವಾ ಎಲೆಕ್ಟ್ರಾನಿಕ್ ರಕ್ಷಣೆ ಬಳಸುವುದಕ್ಕೆ ಇದೂ ಒಂದು ಕಾರಣ.

ಕೆಪಾಸಿಟರ್‌ಗೂ ಆಂಪ್ಲಿಫೈಯರ್‌ನ ಕೊನೆಯ ಹಂತಕ್ಕೂ ನಡುವೆ ಫ್ಯೂಸ್ ಇರುವ ಯಂತ್ರಗಳೂ ಇವೆ. ಅವು ಮುಖ್ಯ ಫ್ಯೂಸ್ ಮತ್ತು ಸ್ಪೀಕರ್ ದಾರಿಯ ಫ್ಯೂಸ್, ಇವೆರಡರ ಮಧ್ಯದ ಸ್ಥಿತಿ: ಸಂಗೀತದ ಏರಿಳಿತಕ್ಕೆ ತಕ್ಕ ಪ್ರವಾಹ ಅಲ್ಲಿ ಹರಿಯುತ್ತದೆ, ಆದರೆ ಆಂಪ್ಲಿಫೈಯರ್ ತನ್ನ ಫಲಿತವನ್ನು ತಾನೇ ಪರೀಕ್ಷಿಸಿ ತಿದ್ದಿಕೊಳ್ಳುವ ವ್ಯವಸ್ಥೆ ಅದರ ಪ್ರಭಾವವನ್ನು ಬಹಳಷ್ಟು ಅಡಗಿಸುತ್ತದೆ.

ಆದ್ದರಿಂದ ‘ಫ್ಯೂಸ್ ಧ್ವನಿಯನ್ನು ಬದಲಿಸುತ್ತದೆಯೇ’ ಎಂದು ಯಾರಾದರೂ ಕೇಳಿದರೆ ‘ಯಾವ ಫ್ಯೂಸ್’ ಎಂದು ಮೊದಲು ಕೇಳಬೇಕು. ವಾದದಲ್ಲಿ ಇದನ್ನು ಕೇಳುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ.

ಹಾಗಾದರೆ ಅವರು ಕೇಳಿದ್ದು ಸುಳ್ಳೇ?

ಮುಖ್ಯ ಫ್ಯೂಸ್ ಬದಲಿಸಿದ ಮೇಲೆ ಸಂಗೀತ ಚೆನ್ನಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆ ಕೇಳಿಸಿದೆ. ಆದರೆ ಕೇಳಿಸುವುದು ಕಿವಿಯಲ್ಲಿ ಮಾತ್ರ ನಡೆಯುವ ಕ್ರಿಯೆಯಲ್ಲ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ತೆರೆಯ ಮೇಲೆ ತುಟಿಗಳು ‘ಗ’ ಎನ್ನುತ್ತಿರುವಾಗ ‘ಬ’ ಎಂಬ ಶಬ್ದ ಕೇಳಿಸಿದರೆ, ನೋಡುಗರಲ್ಲಿ ಹೆಚ್ಚಿನವರಿಗೆ ಕೇಳಿಸುವುದು ‘ದ’. ಕಣ್ಣು ಮುಚ್ಚಿದರೆ ಅದೇ ಶಬ್ದ ‘ಬ’ ಆಗುತ್ತದೆ. ಮೋಸ ತಿಳಿದಿದ್ದರೂ ಕಣ್ಣು ತೆರೆದೊಡನೆ ಮತ್ತೆ ‘ದ’. ಕಣ್ಣು ಕಿವಿಯನ್ನು ಹೀಗೆ ತಿದ್ದುತ್ತದೆ.

ಬೆಲೆಯೂ ತಿದ್ದುತ್ತದೆ. ಅಮೆರಿಕದ ಕ್ಯಾಲ್‌ಟೆಕ್ ಮತ್ತು ಸ್ಟ್ಯಾನ್‌ಫರ್ಡ್ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವೈನನ್ನು ಬೇರೆ ಬೇರೆ ಬೆಲೆ ಹೇಳಿ ಕುಡಿಸಿದರು. ಹೆಚ್ಚು ಬೆಲೆ ಹೇಳಿದಾಗ ಜನ ಹೆಚ್ಚು ಮೆಚ್ಚಿದ್ದಷ್ಟೇ ಅಲ್ಲ, ಸುಖದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಹೆಚ್ಚಿತ್ತು. ಅಂದರೆ ಅವರು ಸೋಗು ಹಾಕಲಿಲ್ಲ. ಅವರ ಸುಖ ನಿಜವಾಗಿತ್ತು. ಧ್ವನಿಯ ಕ್ಷೇತ್ರದಲ್ಲೇ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಅವೇ ಸ್ಪೀಕರ್‌ಗಳನ್ನು ಒಮ್ಮೆ ಕಾಣುವಂತೆ, ಒಮ್ಮೆ ಮರೆಯಲ್ಲಿಟ್ಟು ಕೇಳಿಸಿ ಅಂಕ ಹಾಕಿಸಿದರು. ಕಣ್ಣಿಗೆ ಕಂಡಾಗ ಅಂಕಗಳು ಬದಲಾದವು. ಅನುಭವಿ ಕೇಳುಗರೂ ಇದಕ್ಕೆ ಹೊರತಾಗಿರಲಿಲ್ಲ.

ಇನ್ನು ಕೆಲವು ಕಾರಣಗಳು ಯಂತ್ರದಲ್ಲೇ ಇವೆ. ಹಳೆಯ ಫ್ಯೂಸನ್ನು ಹಿಡಿದಿರುವ ಲೋಹದ ಹಿಡಿಕೆ ವರ್ಷಗಳಲ್ಲಿ ಕಿಲುಬು ಹಿಡಿದು ಸಂಪರ್ಕ ಸಡಿಲವಾಗಿರಬಹುದು. ಫ್ಯೂಸನ್ನು ಎಳೆದು ಮತ್ತೆ ಒತ್ತಿದಾಗ ಆ ಕಿಲುಬು ಉಜ್ಜಿಹೋಗುತ್ತದೆ. ಅದು ನಿಜವಾದ ಬದಲಾವಣೆಯೇ, ಆದರೆ ಹಳೆಯ ಫ್ಯೂಸನ್ನೇ ತೆಗೆದು ಹಾಕಿದ್ದರೂ ಆಗುತ್ತಿತ್ತು. ವಾಲ್ಯೂಮ್ ಕೂದಲೆಳೆಯಷ್ಟು ಹೆಚ್ಚಾದರೂ, ಒಂದು ಡೆಸಿಬಲ್‌ಗಿಂತ ಕಡಿಮೆ ಏರಿದರೂ, ನಮಗೆ ‘ಜೋರಾಯಿತು’ ಎನ್ನಿಸುವುದಿಲ್ಲ, ‘ಚೆನ್ನಾಯಿತು’ ಎನ್ನಿಸುತ್ತದೆ. ಜೊತೆಗೆ ಧ್ವನಿಯ ಸೂಕ್ಷ್ಮ ನೆನಪು ಮನಸ್ಸಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಯಂತ್ರ ಆರಿಸಿ, ತಂತಿ ಕಿತ್ತು, ಫ್ಯೂಸ್ ಬದಲಿಸಿ, ಮತ್ತೆ ಹಾಕುವಷ್ಟರಲ್ಲಿ ಹೋಲಿಸಬೇಕಾದ ನೆನಪು ಮಸುಕಾಗಿರುತ್ತದೆ. ಹೊಸದನ್ನು ಹಾಕಿದ ಮೇಲೆ ಮನಸ್ಸಿಟ್ಟು ಕೇಳುತ್ತೇವೆ. ಮನಸ್ಸಿಟ್ಟು ಕೇಳಿದಾಗ ಹಿಂದೆ ಗಮನಿಸದ ಒಂದು ಉಸಿರು, ಒಂದು ತಂತಿಯ ಮೀಟು ಕೇಳಿಸುವುದು ಸಹಜ.

ಸಂದೇಹಕ್ಕೂ ಮಿತಿಯಿದೆ. ಒಬ್ಬರು ಒಂದು ಪರೀಕ್ಷೆಯಲ್ಲಿ ವ್ಯತ್ಯಾಸ ಗುರುತಿಸದಿದ್ದರೆ ವ್ಯತ್ಯಾಸವೇ ಇಲ್ಲ ಎಂದು ಸಾಬೀತಾಗುವುದಿಲ್ಲ. ಆ ಒಬ್ಬರಿಗೆ, ಆ ಸೆಟ್‌ನಲ್ಲಿ, ಆ ಹೊತ್ತು ಕೇಳಿಸಲಿಲ್ಲ ಎಂದಷ್ಟೇ. ಇದಕ್ಕಿಂತ ಗಟ್ಟಿಯಾದ ವಿಧಾನ ಎರಡು ಧ್ವನಿಮುದ್ರಣಗಳನ್ನು ಕಳೆದು ನೋಡುವುದು. ಒಂದೇ ಹಾಡನ್ನು ಎರಡು ಫ್ಯೂಸ್‌ಗಳೊಂದಿಗೆ ನುಡಿಸಿ, ಆಂಪ್ಲಿಫೈಯರ್‌ನಿಂದ ಹೊರಬಂದ ಸಂಕೇತವನ್ನು ಎರಡು ಸಲವೂ ಮುದ್ರಿಸಿಕೊಂಡು, ಸಮಯ ಮತ್ತು ಮಟ್ಟ ಸರಿಹೊಂದಿಸಿ ಒಂದರಿಂದ ಇನ್ನೊಂದನ್ನು ಕಳೆದರೆ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅದೇ ಫ್ಯೂಸನ್ನು ಎರಡು ಸಲ ಮುದ್ರಿಸಿ ಕಳೆದಾಗ ಉಳಿಯುವ ಶೇಷಕ್ಕಿಂತ ಇದು ಹೆಚ್ಚಿದ್ದರೆ ಮಾತನಾಡಲು ಏನೋ ಇದೆ ಎಂದರ್ಥ.

ಮರೆಯಬಾರದ ಸುರಕ್ಷತೆ

ಧ್ವನಿಯ ವಾದದಲ್ಲಿ ಯಾರು ಸರಿಯಾದರೂ, ಫ್ಯೂಸ್ ಬೆಂಕಿಯಿಂದ ಕಾಪಾಡುವ ಸಾಧನ ಎಂಬುದು ಬದಲಾಗುವುದಿಲ್ಲ. ಮಾನಕದ ಗುರುತಿಲ್ಲದ, ಯಾವ ಪರೀಕ್ಷೆಗೂ ಒಳಪಡದ ಫ್ಯೂಸ್ ಎಷ್ಟೇ ಬೆಲೆಯದಾಗಿದ್ದರೂ ಯಂತ್ರದೊಳಗೆ ಹೋಗಬಾರದು. ಆಂಪಿಯರ್, ಚುರುಕು, ವೋಲ್ಟೇಜ್, ಕತ್ತರಿಸುವ ಸಾಮರ್ಥ್ಯ, ಗಾತ್ರ, ಇವು ಐದೂ ತಯಾರಕರು ಹೇಳಿದಂತೆಯೇ ಇರಬೇಕು. ಧ್ವನಿ ತೆರೆದುಕೊಳ್ಳಲಿ ಎಂದು ಹೆಚ್ಚಿನ ಆಂಪಿಯರ್‌ನದನ್ನು ಹಾಕುವ ಸಲಹೆ ಕೇಳಿಬಂದರೆ ದಯವಿಟ್ಟು ಪಾಲಿಸಬೇಡಿ. ಆಗ ಫ್ಯೂಸಿಗಿಂತ ಮೊದಲು ಟ್ರಾನ್ಸ್‌ಫಾರ್ಮರ್ ಸುಡಬಹುದು. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಅಥವಾ ಲೋಹದ ಹಾಳೆ ಇಡುವುದು ಇನ್ನೂ ಅಪಾಯ. ಹೊಸ ಫ್ಯೂಸ್ ಕೂಡ ಹಾಕಿದೊಡನೆ ಹೋದರೆ ಕೆಟ್ಟಿರುವುದು ಯಂತ್ರ. ಅದನ್ನು ರಿಪೇರಿ ಬಲ್ಲವರಿಗೆ ತೋರಿಸಬೇಕು. ಬದಲಿಸುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಕೇಬಲನ್ನು ಗೋಡೆಯಿಂದಲೇ ಕಿತ್ತಿಡಬೇಕು. ಒಳಗಿನ ಕೆಪಾಸಿಟರ್‌ಗಳಲ್ಲಿ ಆಮೇಲೂ ವಿದ್ಯುತ್ ಉಳಿದಿರುವುದರಿಂದ ಹೊದಿಕೆ ಬಿಚ್ಚುವ ಸಾಹಸ ಬೇಡ.

ನೀವೇ ಪರೀಕ್ಷಿಸುವುದಾದರೆ

ವಿಶೇಷ ಫ್ಯೂಸ್ ಈಗಾಗಲೇ ಕೈಯಲ್ಲಿದ್ದರೆ, ಹಿಂಬದಿಯ ಮುಚ್ಚಳದಿಂದಲೇ ಬದಲಿಸಲು ಬರುವಂತಿದ್ದರೆ, ಸತ್ಯ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಬೇಕಾದ್ದು ಒಬ್ಬ ಸಹಾಯಕ, ಒಂದು ನಾಣ್ಯ, ಎರಡು ಹಾಳೆ. ಹೋಲಿಕೆ ಹಳೆಯ ಫ್ಯೂಸಿನ ಜೊತೆ ಬೇಡ. ಅದೇ ಗುರುತಿನ ಹೊಚ್ಚ ಹೊಸ ಸಾಮಾನ್ಯ ಫ್ಯೂಸನ್ನು ತನ್ನಿ, ಹಿಡಿಕೆಯನ್ನು ಮೊದಲೇ ಶುಚಿಗೊಳಿಸಿ. ಚೆನ್ನಾಗಿ ಪರಿಚಯವಿರುವ ಹಾಡಿನ ಅರ್ಧ ನಿಮಿಷದ ತುಣುಕೊಂದನ್ನು ಆರಿಸಿಕೊಳ್ಳಿ, ವಾಲ್ಯೂಮನ್ನು ಮುಟ್ಟಬೇಡಿ. ಎರಡು ಫ್ಯೂಸ್‌ಗಳೂ ಯಾವುವೆಂದು ಗೊತ್ತಿದ್ದಾಗ ಮೊದಲು ಬೇಕಾದಷ್ಟು ಕೇಳಿ, ವ್ಯತ್ಯಾಸ ಇಂಥದ್ದು ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಿ.

ಆಮೇಲೆ ನೀವು ಕೋಣೆಯಿಂದ ಹೊರಗೆ ಹೋಗಬೇಕು. ಸಹಾಯಕರು ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕ ಫ್ಯೂಸ್ ಹಾಕಿ, ಯಾವುದೆಂದು ತಮ್ಮ ಹಾಳೆಯಲ್ಲಿ ಬರೆದಿಟ್ಟುಕೊಂಡು ತಾವೂ ಹೊರಗೆ ಹೋಗಬೇಕು, ಅವರ ಮುಖ ನಿಮಗೆ ಕಾಣಬಾರದು. ಅದೇ ಫ್ಯೂಸ್ ಮತ್ತೆ ಬಂದರೂ ಅವರು ಅದನ್ನು ತೆಗೆದು ಹಾಕಲೇಬೇಕು, ಹಿಡಿದ ಸಮಯದಿಂದ ಸುಳಿವು ಸಿಗದಿರಲಿ ಎಂದು. ನೀವು ಒಳಗೆ ಬಂದು ಕೇಳಿ ನಿಮ್ಮ ಹಾಳೆಯಲ್ಲಿ ಉತ್ತರ ಬರೆಯಬೇಕು. ಇಂಥ ಕುರುಡು ಪರೀಕ್ಷೆಯನ್ನು ಒಂದು ಕ್ರಮಕ್ಕೆ ತಂದದ್ದು ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್, 1950ರಲ್ಲಿ.

ಎಷ್ಟು ಸುತ್ತು ಬೇಕು? ಐದಕ್ಕೆ ಐದು ಸರಿ ಹೇಳಿದರೂ ಅದು ಬರಿಯ ಅದೃಷ್ಟದಿಂದ 32ರಲ್ಲಿ ಒಮ್ಮೆ ಆಗಬಹುದು, ಮೂರಕ್ಕೆ ಮೂರಾದರೆ 8ರಲ್ಲಿ ಒಮ್ಮೆ. ಸಾಮಾನ್ಯವಾಗಿ 16 ಸುತ್ತು ಮಾಡಿ 12 ಅಥವಾ ಹೆಚ್ಚು ಸರಿಯಿದ್ದರೆ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ; ಕಣ್ಣು ಮುಚ್ಚಿ ಊಹಿಸುವ ನೂರು ಜನರಲ್ಲಿ ಸುಮಾರು ನಾಲ್ವರಿಗೆ ಮಾತ್ರ ಅಷ್ಟು ಅಂಕ ಬರುತ್ತದೆ. ಒಂದೇ ದಿನದಲ್ಲಿ ಮುಗಿಸಬೇಕಿಲ್ಲ. ದಣಿದ ಕಿವಿಯಿಂದ ಕೇಳುವುದಕ್ಕಿಂತ ದಿನಕ್ಕೆ ನಾಲ್ಕು ಸುತ್ತಿನಂತೆ ನಾಲ್ಕು ದಿನ ಕೇಳುವುದು ಒಳ್ಳೆಯದು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಡುವುದು ಮಾತ್ರ ಹದಿನಾರನೆಯ ಸುತ್ತು ಮುಗಿದ ಮೇಲೆ.